ನಾಳೆಗೆ ನ್ಯಾಯ, ನಿನ್ನೆಗೆ ವಿನಾಯಿತಿ

ಅಮೆರಿಕದಲ್ಲಿ ವೈದ್ಯರು, ದಾದಿಯರು, ದಂತವೈದ್ಯರು, ವಕೀಲರು, ಎಂಜಿನಿಯರುಗಳು, ಕ್ಷೌರಿಕರು ಹೀಗೆ ನೂರಾರು ವೃತ್ತಿಗಳಿಗೆ ಪರವಾನಗಿ ಕೊಡುವುದು ವಾಷಿಂಗ್ಟನ್ನಿನ ಕೇಂದ್ರ ಸರ್ಕಾರವಲ್ಲ, ಆಯಾ ರಾಜ್ಯ ತನ್ನ ಶಾಸನದ ಮೂಲಕ ರಚಿಸಿದ ಮಂಡಳಿಗಳು. ಕೊಡುವ ಕೈಗೇ ಅಮಾನತಿನಲ್ಲಿಡುವ, ರದ್ದುಪಡಿಸುವ, ದಂಡ ವಿಧಿಸುವ ಅಧಿಕಾರವೂ ಇದೆ. ಅಂಥ ಮಂಡಳಿ ಒಬ್ಬ ವ್ಯಕ್ತಿಯ ಜನಾಂಗ, ಧರ್ಮ, ಪೌರತ್ವ ಅಥವಾ ಅವನಾಡಿದ ಮಾತನ್ನು ನೆಪ ಮಾಡಿಕೊಂಡು, ಇಲ್ಲವೇ ಸರಿಯಾದ ವಿಚಾರಣೆಯನ್ನೇ ನಡೆಸದೆ, ಅವನ ಜೀವನೋಪಾಯವನ್ನು ಕಿತ್ತುಕೊಂಡರೆ ನಾಗರಿಕ ಹಕ್ಕುಗಳ ಕಾನೂನಿನಡಿ ದಾವೆ ಹೂಡಿ ನಷ್ಟಪರಿಹಾರ ಪಡೆಯಬಹುದೇ ಎಂಬ ಪ್ರಶ್ನೆ ಅಲ್ಲಿ ನೆಲೆಸಿರುವ ವೃತ್ತಿಪರರಿಂದಲೂ ಇಲ್ಲಿರುವ ಅವರ ಮನೆಯವರಿಂದಲೂ ಮತ್ತೆ ಮತ್ತೆ ಕೇಳಿಬರುತ್ತದೆ. ಅಲ್ಲಿನ ನ್ಯಾಯಾಲಯಗಳು ಕಟ್ಟಿಕೊಂಡು ಬಂದಿರುವ ಉತ್ತರವನ್ನು ಚುಟುಕಾಗಿ ಹೇಳುವುದಾದರೆ, ಮುಂದೆ ಆಗಲಿರುವ ಅನ್ಯಾಯವನ್ನು ನಿಲ್ಲಿಸುವಂತೆ ಕೇಳಬಹುದು, ಆಗಿಹೋದ ಅನ್ಯಾಯಕ್ಕೆ ಹಣ ಕೇಳುವುದು ಬಹುಮಟ್ಟಿಗೆ ಸಾಧ್ಯವಿಲ್ಲ. ಈ ಉತ್ತರ ಹೇಗೆ ರೂಪುಗೊಂಡಿತು, ಅದರ ಯಾವ ಭಾಗಕ್ಕೆ ಸಮರ್ಥನೆಯಿದೆ, ಯಾವ ಭಾಗಕ್ಕೆ ಇಲ್ಲ ಎಂಬುದನ್ನು ಬಿಡಿಸಿ ನೋಡುವ ಅಗತ್ಯವಿದೆ.

ಪರವಾನಗಿ ಪದ್ಧತಿಗೆ ಅಮೆರಿಕದ ಸುಪ್ರೀಂ ಕೋರ್ಟಿನ ಸ್ಪಷ್ಟ ಒಪ್ಪಿಗೆ ದೊರೆತದ್ದು 1889ರ ಡೆಂಟ್ ಪ್ರಕರಣದಲ್ಲಿ. ವೆಸ್ಟ್ ವರ್ಜೀನಿಯಾದ ಆರೋಗ್ಯ ಮಂಡಳಿಯ ಪ್ರಮಾಣಪತ್ರವಿಲ್ಲದೆ ವೈದ್ಯವೃತ್ತಿ ನಡೆಸುವುದನ್ನು ಅಪರಾಧವೆಂದು ಸಾರಿದ ಕಾನೂನನ್ನು ನ್ಯಾಯಾಲಯ ಎತ್ತಿಹಿಡಿಯಿತು. ಜನರ ಪ್ರಾಣಕ್ಕೆ ಸಂಬಂಧಿಸಿದ ವೃತ್ತಿಗೆ ಇಳಿಯುವವರ ಅರ್ಹತೆಯನ್ನು ಪರೀಕ್ಷಿಸುವುದು ರಾಜ್ಯದ ಕೆಲಸವೆಂಬ ಆ ತರ್ಕವನ್ನು ಇಂದಿಗೂ ಅಲ್ಲಗಳೆಯುವಂತಿಲ್ಲ. ಆದರೆ ಅದಕ್ಕೆ ಮೂರು ವರ್ಷ ಮುಂಚೆ, 1886ರ ಯಿಕ್ ವೋ ಪ್ರಕರಣದಲ್ಲಿ, ಅದೇ ನ್ಯಾಯಾಲಯ ಪರವಾನಗಿಯ ಇನ್ನೊಂದು ಮುಖವನ್ನೂ ಕಂಡಿತ್ತು. ಮರದ ಕಟ್ಟಡಗಳಲ್ಲಿ ಬಟ್ಟೆ ಒಗೆಯುವ ಅಂಗಡಿ ನಡೆಸಲು ಮೇಲ್ವಿಚಾರಕರ ಮಂಡಳಿಯ ಅನುಮತಿ ಬೇಕೆಂದು ಸ್ಯಾನ್ ಫ್ರಾನ್ಸಿಸ್ಕೊ ನಗರ ನಿಯಮ ಮಾಡಿತು. ಅರ್ಜಿ ಹಾಕಿದ ಸುಮಾರು 200 ಚೀನೀಯರಲ್ಲಿ ಒಬ್ಬರಿಗೂ ಅನುಮತಿ ಸಿಗಲಿಲ್ಲ, ಚೀನೀಯರಲ್ಲದ ಸುಮಾರು 80 ಅರ್ಜಿದಾರರಲ್ಲಿ ಒಬ್ಬರನ್ನು ಬಿಟ್ಟು ಉಳಿದೆಲ್ಲರಿಗೂ ಸಿಕ್ಕಿತು. ನಿಯಮದ ಅಕ್ಷರದಲ್ಲಿ ಜನಾಂಗದ ಸೊಲ್ಲೇ ಇರಲಿಲ್ಲ, ಭೇದವೆಲ್ಲ ಇದ್ದದ್ದು ಅದನ್ನು ಜಾರಿಗೊಳಿಸಿದ ರೀತಿಯಲ್ಲಿ, ಮತ್ತು ಅಂಥ ಜಾರಿಯೂ ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟ್ ಹೇಳಿತು. ಮಂಡಳಿಯ ವಿವೇಚನಾಧಿಕಾರವೆಂಬುದು ಪೂರ್ವಗ್ರಹಕ್ಕೆ ಎಷ್ಟು ಒಳ್ಳೆಯ ಮರೆಯಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ದಾಖಲೆ ಸಿಗುವುದು ಕಷ್ಟ. 1950ರ ದಶಕದಲ್ಲಿ ಅಮೆರಿಕದ ದುಡಿಯುವವರಲ್ಲಿ ನೂರಕ್ಕೆ ಐದರಷ್ಟು ಮಂದಿಗೆ ಮಾತ್ರ ರಾಜ್ಯದ ಪರವಾನಗಿ ಬೇಕಾಗಿತ್ತು. 2015ರಲ್ಲಿ ಶ್ವೇತಭವನ ಹೊರತಂದ ವರದಿಯ ಪ್ರಕಾರ, ಪರವಾನಗಿ ಬೇಕಾದವರ ಪ್ರಮಾಣ ಆ ಹೊತ್ತಿಗೆ ಕಾಲುಭಾಗವನ್ನು ದಾಟಿತ್ತು. ಮಂಡಳಿಯ ತಪ್ಪಿಗೆ ಪರಿಹಾರವೇನು ಎಂಬ ಪ್ರಶ್ನೆಯ ತೂಕವೂ ಅದೇ ಪ್ರಮಾಣದಲ್ಲಿ ಬೆಳೆದಿದೆ.

ನಾಗರಿಕ ಹಕ್ಕುಗಳ ದಾವೆ ಎಂದಾಗ ಅಲ್ಲಿನ ವಕೀಲರು ಮೊದಲು ಉಚ್ಚರಿಸುವುದು 1983 ಎಂಬ ಸಂಖ್ಯೆಯನ್ನು. ಇದು ಇಸವಿಯಲ್ಲ, ಅಮೆರಿಕದ ಕಾನೂನು ಸಂಹಿತೆಯಲ್ಲಿ ಒಂದು ಕಲಮಿನ ಸಂಖ್ಯೆ. ಅಂತರ್ಯುದ್ಧದ ನಂತರ ದಕ್ಷಿಣದ ರಾಜ್ಯಗಳಲ್ಲಿ ಬಿಡುಗಡೆ ಹೊಂದಿದ ಕಪ್ಪು ಜನರ ಮೇಲೆ ಕು ಕ್ಲಕ್ಸ್ ಕ್ಲಾನ್ ಎಸಗುತ್ತಿದ್ದ ಹಿಂಸೆಯನ್ನು ಸ್ಥಳೀಯ ಅಧಿಕಾರಿಗಳು ಕಂಡೂ ಕಾಣದಂತಿದ್ದುದರಿಂದ, ಅಧ್ಯಕ್ಷ ಯುಲಿಸಿಸ್ ಗ್ರಾಂಟ್ 1871ರ ಏಪ್ರಿಲ್ 20ರಂದು ಸಹಿ ಹಾಕಿದ ಶಾಸನದಲ್ಲಿ ಇದರ ಬೇರಿದೆ. ರಾಜ್ಯದ ಕಾನೂನು ಕೊಟ್ಟ ಅಧಿಕಾರವನ್ನು ಬಳಸಿ ಯಾವುದೇ ವ್ಯಕ್ತಿ ಇನ್ನೊಬ್ಬರ ಸಾಂವಿಧಾನಿಕ ಹಕ್ಕನ್ನು ಕಸಿದುಕೊಂಡರೆ, ಹಾಗೆ ಕಸಿದ ವ್ಯಕ್ತಿ ನೊಂದವರಿಗೆ ಹೊಣೆಗಾರನಾಗುತ್ತಾನೆ ಎಂಬುದು ಅದರ ಸಾರಾಂಶ. ಸುಮಾರು 90 ವರ್ಷ ಮೂಲೆಯಲ್ಲಿದ್ದ ಈ ಕಲಮು 1961ರ ಮನ್ರೋ ವಿರುದ್ಧ ಪೇಪ್ ತೀರ್ಪಿನಿಂದ ಮತ್ತೆ ಬಳಕೆಗೆ ಬಂತು, ಮತ್ತು ಇಂದು ಪೊಲೀಸರಿಂದ ಹಿಡಿದು ಪರವಾನಗಿ ಮಂಡಳಿಯವರೆಗೆ ಯಾರ ಮೇಲೆ ಹಕ್ಕುಚ್ಯುತಿಯ ಆರೋಪ ಬಂದರೂ ದಾವೆಗೆ ಆಧಾರವಾಗುವುದು ಅದೇ.

ಮಂಡಳಿಗೆ ಸಿಗುವ ಮೊದಲ ರಕ್ಷಣೆ ಹುಟ್ಟುವುದು ಆ ಕಲಮಿನಲ್ಲಿರುವ ವ್ಯಕ್ತಿ ಎಂಬ ಪದದಿಂದ ಮತ್ತು ಸಂವಿಧಾನದ ಹನ್ನೊಂದನೇ ತಿದ್ದುಪಡಿಯಿಂದ. 1793ರಲ್ಲಿ ದಕ್ಷಿಣ ಕ್ಯಾರೊಲಿನಾದ ನಿವಾಸಿಯೊಬ್ಬ ಯುದ್ಧಕಾಲದ ಸರಕಿನ ಬಾಕಿಗಾಗಿ ಜಾರ್ಜಿಯಾ ರಾಜ್ಯದ ಮೇಲೆ ಹೂಡಿದ ದಾವೆಯನ್ನು ಸುಪ್ರೀಂ ಕೋರ್ಟ್ ಮಾನ್ಯ ಮಾಡಿದಾಗ, ಸಾಲದ ಹೊರೆ ಹೊತ್ತಿದ್ದ ರಾಜ್ಯಗಳು ಬೆಚ್ಚಿಬಿದ್ದವು. ಎರಡೇ ವರ್ಷದಲ್ಲಿ, 1795ರಲ್ಲಿ, ಒಂದು ರಾಜ್ಯದ ಮೇಲೆ ಬೇರೆ ರಾಜ್ಯದ ಪ್ರಜೆ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡುವಂತಿಲ್ಲವೆಂಬ ತಿದ್ದುಪಡಿ ಅಂಗೀಕಾರವಾಯಿತು. ತಿದ್ದುಪಡಿಯ ಮಾತಿನಲ್ಲಿ ಇಲ್ಲದಿದ್ದರೂ, ತನ್ನದೇ ರಾಜ್ಯದ ಮೇಲೆ ದಾವೆ ಹೂಡುವ ಪ್ರಜೆಗೂ ಈ ತಡೆ ಅನ್ವಯಿಸುತ್ತದೆಂದು 1890ರ ಹ್ಯಾನ್ಸ್ ವಿರುದ್ಧ ಲೂಸಿಯಾನಾ ತೀರ್ಪು ಅದನ್ನು ಹಿಗ್ಗಿಸಿತು. ಆಮೇಲೆ 1989ರಲ್ಲಿ ಮಿಶಿಗನ್ನಿನ ವಿಲ್ ಪ್ರಕರಣದಲ್ಲಿ, ಐದಕ್ಕೆ ನಾಲ್ಕರ ಬಹುಮತದಿಂದ, ರಾಜ್ಯವೂ ರಾಜ್ಯದ ಅಂಗಸಂಸ್ಥೆಗಳೂ 1983ನೇ ಕಲಮು ಹೇಳುವ ವ್ಯಕ್ತಿಗಳೇ ಅಲ್ಲವೆಂದು ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ನಗರಸಭೆ, ಕೌಂಟಿಯಂಥ ಸ್ಥಳೀಯ ಸಂಸ್ಥೆಗಳು ವ್ಯಕ್ತಿಗಳೆಂದು 1978ರ ಮೊನೆಲ್ ತೀರ್ಪು ಈಗಾಗಲೇ ಹೇಳಿದ್ದರಿಂದ, ಇಂದಿನ ಸ್ಥಿತಿ ಹೀಗಿದೆ: ವ್ಯಾಪಾರದ ಪರವಾನಗಿಯನ್ನು ತನ್ನ ಭೇದಭಾವದ ನೀತಿಯಿಂದ ನಿರಾಕರಿಸಿದ ನಗರ ಪರಿಹಾರ ಕಟ್ಟಿಕೊಡಬೇಕಾಗಬಹುದು, ವೈದ್ಯವೃತ್ತಿಯ ಪರವಾನಗಿಯನ್ನು ಅದೇ ಕಾರಣಕ್ಕೆ ನಿರಾಕರಿಸಿದ ರಾಜ್ಯ ಮಂಡಳಿ ಚಿಕ್ಕಾಸೂ ಕೊಡಬೇಕಿಲ್ಲ. ನೊಂದವನ ನಷ್ಟದಲ್ಲಿ ಯಾವ ವ್ಯತ್ಯಾಸವೂ ಇಲ್ಲದಿರುವಾಗ ಈ ವ್ಯತ್ಯಾಸಕ್ಕೆ ಇತಿಹಾಸದ ಹೊರತು ಬೇರೆ ಸಮರ್ಥನೆ ಕಾಣುವುದಿಲ್ಲ. ಅನೇಕ ಮಂಡಳಿಗಳ ಖರ್ಚು ನಡೆಯುವುದು ರಾಜ್ಯದ ಬೊಕ್ಕಸದಿಂದಲ್ಲ, ಪರವಾನಗಿದಾರರು ಕಟ್ಟುವ ಶುಲ್ಕದಿಂದ. ಹೀಗಾಗಿ ಇಂಥ ಮಂಡಳಿ ನಿಜಕ್ಕೂ ರಾಜ್ಯದ ಅಂಗವೇ ಎಂಬ ವಾದ ಆಗಾಗ ಏಳುತ್ತದೆ. ತೀರ್ಪಿನ ಹಣ ಕೊನೆಗೆ ಯಾರ ಕಿಸೆಯಿಂದ ಹೋಗುತ್ತದೆ, ಸದಸ್ಯರನ್ನು ಯಾರು ನೇಮಿಸುತ್ತಾರೆ, ರಾಜ್ಯದ ಹತೋಟಿ ಎಷ್ಟಿದೆ ಎಂಬುದನ್ನೆಲ್ಲ ನ್ಯಾಯಾಲಯಗಳು ತೂಗಿ ನೋಡುತ್ತವೆಯಾದರೂ, ತಕ್ಕಡಿ ಹೆಚ್ಚಾಗಿ ವಾಲುವುದು ಮಂಡಳಿಯ ಕಡೆಗೇ.

ಹಾಗಿದ್ದರೂ ಒಂದು ಬಾಗಿಲು ತೆರೆದಿದೆ. ರೈಲ್ವೆ ದರಗಳ ಜಗಳದಲ್ಲಿ ಮಿನೆಸೋಟಾದ ಅಟಾರ್ನಿ ಜನರಲ್ ಎಡ್ವರ್ಡ್ ಯಂಗ್ ಕುರಿತು 1908ರಲ್ಲಿ ಬಂದ ತೀರ್ಪು, ಸಂವಿಧಾನವನ್ನು ಮೀರಿ ನಡೆಯುವ ಅಧಿಕಾರಿ ಆ ಮಟ್ಟಿಗೆ ರಾಜ್ಯದ ಪ್ರತಿನಿಧಿಯಾಗಿರುವುದಿಲ್ಲ, ಆದ್ದರಿಂದ ಅವನ ಮೇಲೆ ತಡೆಯಾಜ್ಞೆ ಹೊರಡಿಸಬಹುದು ಎಂದಿತು. ಮಂಡಳಿಯ ಬದಲು ಅದರ ಸದಸ್ಯರನ್ನು, ಅವರ ಅಧಿಕೃತ ಸ್ಥಾನದಲ್ಲಿ, ಪ್ರತಿವಾದಿಗಳನ್ನಾಗಿ ಮಾಡಿ, ಮುಂದೆ ಹೀಗೆ ಮಾಡದಂತೆ ಆಜ್ಞೆ ಕೇಳುವ ಪರಿಪಾಠ ಅಲ್ಲಿಂದ ಬೆಳೆಯಿತು. ಈ ಬಾಗಿಲಿನಿಂದ ಹಿಂದಿನ ಬಾಕಿಯನ್ನು ವಸೂಲು ಮಾಡುವಂತಿಲ್ಲವೆಂದು 1974ರ ಎಡೆಲ್ಮನ್ ತೀರ್ಪು ಗೆರೆ ಎಳೆಯಿತು. ನಾಳೆಗೆ ನ್ಯಾಯ, ನಿನ್ನೆಗೆ ವಿನಾಯಿತಿ ಎಂಬ ವಿಭಜನೆ ಪೂರ್ಣಗೊಂಡದ್ದು ಆಗಲೇ.

ಈ ವಿಭಜನೆ ನಡೆಯಲ್ಲಿ ಹೇಗಿರುತ್ತದೆ ಎಂಬುದನ್ನು ಆರೆಗನ್ ರಾಜ್ಯದ ಒಂದು ಪ್ರಕರಣ ಚೆನ್ನಾಗಿ ತೋರಿಸುತ್ತದೆ. ಬೀವರ್ಟನ್ ಎಂಬ ಊರಿನಲ್ಲಿ 2013ರಲ್ಲಿ ಒಬ್ಬ ಮಹಿಳೆಗೆ ಕೆಂಪುದೀಪ ದಾಟಿದ್ದಕ್ಕಾಗಿ ಕ್ಯಾಮೆರಾ ಆಧಾರಿತ ದಂಡ ಬಿತ್ತು. ಸ್ವೀಡನ್ನಿನಲ್ಲಿ ಹುಟ್ಟಿ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಓದಿದ್ದ ಆಕೆಯ ಪತಿ, ಹಳದಿ ದೀಪ ಎಷ್ಟು ಹೊತ್ತು ಉರಿಯಬೇಕೆಂದು ಲೆಕ್ಕ ಹಾಕುವ ಹಳೆಯ ಸೂತ್ರವನ್ನು ಕೂಲಂಕಷವಾಗಿ ಪರಿಶೀಲಿಸಿ, ತಿರುವು ತೆಗೆದುಕೊಳ್ಳಲು ವೇಗ ತಗ್ಗಿಸುವ ವಾಹನಗಳನ್ನು ಆ ಸೂತ್ರ ಗಣನೆಗೆ ತೆಗೆದುಕೊಂಡಿಲ್ಲವೆಂದು ಕಂಡುಕೊಂಡ. 2014ರಲ್ಲಿ ಅವನು ಇದನ್ನು ರಾಜ್ಯದ ಎಂಜಿನಿಯರಿಂಗ್ ಪರೀಕ್ಷಕರ ಮಂಡಳಿಗೆ ಬರೆದು, ತನ್ನನ್ನು ಎಂಜಿನಿಯರ್ ಎಂದು ಕರೆದುಕೊಂಡ. ಮಂಡಳಿ ಅವನ ಲೆಕ್ಕ ಸರಿಯೇ ತಪ್ಪೇ ಎಂದು ನೋಡುವುದಕ್ಕೆ ಬದಲಾಗಿ, ಪರವಾನಗಿಯಿಲ್ಲದೆ ಎಂಜಿನಿಯರಿಂಗ್ ವೃತ್ತಿ ನಡೆಸಿದ ಆರೋಪದ ಮೇಲೆ ಅವನನ್ನೇ ದೀರ್ಘಕಾಲ ತನಿಖೆಗೆ ಒಳಪಡಿಸಿ 500 ಡಾಲರ್ ದಂಡ ಹಾಕಿತು. ಸರ್ಕಾರಕ್ಕೆ ಬರೆದ ಪತ್ರದಲ್ಲಿ ಒಂದು ಸೂತ್ರವನ್ನು ಟೀಕಿಸುವುದೂ ವೃತ್ತಿಯ ಆಚರಣೆಯೆಂದಾದರೆ ವಾಕ್ ಸ್ವಾತಂತ್ರ್ಯಕ್ಕೆ ಉಳಿಯುವ ಜಾಗವೆಷ್ಟು ಎಂಬ ಪ್ರಶ್ನೆಯೊಂದಿಗೆ ಅವನು 2017ರಲ್ಲಿ ಫೆಡರಲ್ ನ್ಯಾಯಾಲಯದ ಮೆಟ್ಟಿಲೇರಿದ. ಮಂಡಳಿ ದಂಡವನ್ನು ಹಿಂದಿರುಗಿಸಿ ತಪ್ಪನ್ನು ಒಪ್ಪಿಕೊಂಡು ಅಲ್ಲಿಗೇ ಮುಗಿಸಲು ನೋಡಿದರೂ, 2018ರ ಡಿಸೆಂಬರಿನಲ್ಲಿ ನ್ಯಾಯಾಲಯ ಮುಂದಕ್ಕೆ ಹೋಗಿ, ಎಂಜಿನಿಯರ್ ಎಂಬ ಬಿರುದಿನ ಬಳಕೆಯ ಮೇಲಿದ್ದ ಅತಿವಿಸ್ತಾರವಾದ ನಿರ್ಬಂಧವನ್ನೇ ತಳ್ಳಿಹಾಕಿತು. ಸಂಚಾರ ಎಂಜಿನಿಯರುಗಳ ವೃತ್ತಿಸಂಸ್ಥೆ 2020ರಲ್ಲಿ ತನ್ನ ಮಾರ್ಗದರ್ಶಿಯನ್ನು ಪರಿಷ್ಕರಿಸಿ ತಿರುವಿನ ವಾಹನಗಳ ಲೆಕ್ಕವನ್ನು ಸೇರಿಸಿಕೊಂಡಿತು. ಅವನು ಗೆದ್ದ, ಅವನ ಗಣಿತವೂ ಗೆದ್ದಿತು. ಆದರೆ ಅಷ್ಟು ವರ್ಷ ಬಾಯಿ ಮುಚ್ಚಿಸಿದ್ದಕ್ಕೆ ರಾಜ್ಯದಿಂದ ಪರಿಹಾರ ಕೇಳುವ ದಾರಿ ಮಾತ್ರ ಅವನಿಗೆ ಮೊದಲಿನಿಂದಲೂ ತೆರೆದಿರಲಿಲ್ಲ.

ತಡೆಯಾಜ್ಞೆಯ ಈ ಬಾಗಿಲು ಕೂಡ ಇತ್ತೀಚೆಗೆ ಸ್ವಲ್ಪ ಮುಚ್ಚಿದೆ. ಹಕ್ಕಿನ ದಾವೆಯಲ್ಲಿ ಗೆದ್ದವರ ವಕೀಲರ ಶುಲ್ಕವನ್ನು ಸೋತವರಿಂದ ಕೊಡಿಸಲು 1976ರ ಕಾನೂನೊಂದು ಅವಕಾಶ ಕೊಡುತ್ತದೆ. ಪರಿಹಾರದ ಹಣವೇ ಸಿಗದ ದಾವೆಗಳನ್ನು ವಕೀಲರು ಕೈಗೆತ್ತಿಕೊಳ್ಳುವುದು ಮುಖ್ಯವಾಗಿ ಈ ಭರವಸೆಯಿಂದ. ನ್ಯಾಯಾಲಯ ವಿಧಿಸಿದ ದಂಡ ಕಟ್ಟಲಾಗದ ಬಡವರ ವಾಹನ ಚಾಲನಾ ಪರವಾನಗಿಯನ್ನು ವರ್ಜೀನಿಯಾ ಅಮಾನತಿನಲ್ಲಿಡುತ್ತಿದ್ದುದರ ವಿರುದ್ಧ ಕೆಲವರು ಮಧ್ಯಂತರ ತಡೆಯಾಜ್ಞೆ ಪಡೆದರು, ಅಂತಿಮ ತೀರ್ಪು ಬರುವ ಮೊದಲೇ ಶಾಸಕಾಂಗ ಆ ಕಾನೂನನ್ನು ಕೈಬಿಟ್ಟಿತು, ದಾವೆ ಅಲ್ಲಿಗೇ ನಿಂತಿತು. ಇಂಥ ವಾದಿಗಳು ಗೆದ್ದವರೆನಿಸುವುದಿಲ್ಲ, ಅವರಿಗೆ ವಕೀಲರ ಶುಲ್ಕ ಸಲ್ಲುವುದಿಲ್ಲ ಎಂದು ಲ್ಯಾಕಿ ವಿರುದ್ಧ ಸ್ಟಿನ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಫೆಬ್ರವರಿ 25ರಂದು ಏಳಕ್ಕೆ ಎರಡರ ಬಹುಮತದಿಂದ ಹೇಳಿತು. ಸೋಲುವ ಸೂಚನೆ ಕಂಡ ಕೂಡಲೇ ಆದೇಶವನ್ನು ಹಿಂತೆಗೆದುಕೊಂಡು ಖರ್ಚಿನಿಂದ ಪಾರಾಗುವ ದಾರಿ ಇದರಿಂದ ಪರವಾನಗಿ ಮಂಡಳಿಗಳಿಗೂ ಸುಗಮವಾಗಿದೆ. ನಷ್ಟಪರಿಹಾರದ ಹಕ್ಕು ಇದ್ದಿದ್ದರೆ ಆದೇಶ ಹಿಂತೆಗೆದ ಮಾತ್ರಕ್ಕೆ ದಾವೆ ಮುಗಿಯುತ್ತಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ರಾಜ್ಯದ ಬೊಕ್ಕಸವನ್ನು ಬಿಟ್ಟು ಸದಸ್ಯನ ಸ್ವಂತ ಆಸ್ತಿಯಿಂದಲೇ ಪರಿಹಾರ ಕೇಳಬಹುದಲ್ಲವೇ ಎಂದರೆ, ತಾತ್ವಿಕವಾಗಿ ಕೇಳಬಹುದು. ಪೆನ್ಸಿಲ್ವೇನಿಯಾದ ಅಧಿಕಾರಿಯೊಬ್ಬರ ಕುರಿತ 1991ರ ಹೇಫರ್ ತೀರ್ಪು, ಅಧಿಕಾರದ ನೆಲೆಯಲ್ಲಿ ಮಾಡಿದ ಕೆಲಸಕ್ಕೂ ಅಧಿಕಾರಿಯನ್ನು ವೈಯಕ್ತಿಕವಾಗಿ ಹೊಣೆ ಮಾಡಬಹುದೆಂದು ಹೇಳಿದೆ. ಎರಡನೆಯ ರಕ್ಷಣೆ ಎದುರಾಗುವುದು ಇಲ್ಲಿ. ನ್ಯಾಯಾಧೀಶರು ತಮ್ಮ ತೀರ್ಪಿಗಾಗಿ ದಾವೆ ಎದುರಿಸುವಂತಿಲ್ಲ, ಅವರು ದುರುದ್ದೇಶದಿಂದ ತೀರ್ಪಿತ್ತಿದ್ದರೂ ಅಷ್ಟೆ, ಎಂಬ ಹಳೆಯ ತತ್ವಕ್ಕೆ ಪೂರ್ಣ ವಿನಾಯಿತಿ ಎಂದು ಹೆಸರು. ಇದರ ವ್ಯಾಪ್ತಿ ಎಷ್ಟೆಂಬುದಕ್ಕೆ 1978ರ ಸ್ಟಂಪ್ ಪ್ರಕರಣ ಸಾಕ್ಷಿ: ಇಂಡಿಯಾನಾದ ನ್ಯಾಯಾಧೀಶರೊಬ್ಬರು 1971ರಲ್ಲಿ, 15 ವರ್ಷದ ಹುಡುಗಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಬೇಕೆಂಬ ತಾಯಿಯ ಅರ್ಜಿಯನ್ನು, ಹುಡುಗಿಗೆ ನೋಟಿಸು ಕೊಡದೆ, ಅವಳ ಪರ ವಕೀಲರನ್ನು ನೇಮಿಸದೆ, ವಿಚಾರಣೆಯಿಲ್ಲದೆ ಮಂಜೂರು ಮಾಡಿದರು, ಅಪೆಂಡಿಕ್ಸ್ ತೆಗೆಯಲಾಗುತ್ತಿದೆ ಎಂದು ನಂಬಿಸಲ್ಪಟ್ಟಿದ್ದ ಆಕೆಗೆ ಮದುವೆಯಾದ ಮೇಲಷ್ಟೇ ಸತ್ಯ ತಿಳಿಯಿತು. ನ್ಯಾಯಾಧೀಶರಿಗೆ ಪೂರ್ಣ ವಿನಾಯಿತಿಯಿದೆ ಎಂದೇ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಅದೇ ವರ್ಷದ ಬಟ್ಜ್ ವಿರುದ್ಧ ಇಕನಾಮೌ ತೀರ್ಪು ಈ ರಕ್ಷಣೆಯನ್ನು ನ್ಯಾಯಾಲಯದ ಹೊರಗೂ ಒಯ್ದು, ಆಡಳಿತ ಇಲಾಖೆಗಳಲ್ಲಿ ನ್ಯಾಯಾಧೀಶರಂತೆ ವಿಚಾರಣೆ ನಡೆಸುವವರಿಗೂ ಅಭಿಯೋಜಕರಂತೆ ಆರೋಪ ಮಂಡಿಸುವವರಿಗೂ ವಿಸ್ತರಿಸಿತು. ಅಲ್ಲಿಂದೀಚೆಗೆ ವೈದ್ಯಕೀಯ ಮಂಡಳಿಗಳ ಸದಸ್ಯರು ಶಿಸ್ತುಕ್ರಮದಲ್ಲಿ ಕೈಗೊಳ್ಳುವ ನಿರ್ಧಾರಗಳಿಗೆ ಫೆಡರಲ್ ಮೇಲ್ಮನವಿ ನ್ಯಾಯಾಲಯಗಳು ಒಂದಾದ ಮೇಲೊಂದು ಇದೇ ರಕ್ಷಣೆಯನ್ನು ಕೊಟ್ಟಿವೆ; ನೆವಾಡಾದ ವೈದ್ಯಕೀಯ ಮಂಡಳಿಯ ಸದಸ್ಯರು ಮುಂಚಿತವಾಗಿ ವಿಚಾರಣೆ ನಡೆಸದೆ ಹೊರಡಿಸಿದ ತುರ್ತು ಆದೇಶಕ್ಕೂ ಅದು ಅನ್ವಯಿಸುತ್ತದೆಂದು ಒಂಬತ್ತನೇ ವಲಯದ ನ್ಯಾಯಾಲಯ 2012ರಲ್ಲಿ ಹೇಳಿದೆ.

ಹೀಗೆ ಹಣ ಕೇಳಿದಾಗ ಮಂಡಳಿಯನ್ನು ರಾಜ್ಯವೆಂದೂ, ಸದಸ್ಯನನ್ನು ಕೇಳಿದಾಗ ಅವನನ್ನು ನ್ಯಾಯಾಧೀಶನೆಂದೂ ಪರಿಗಣಿಸುವ ಈ ಕ್ರಮದಲ್ಲಿ ನಿಜವಾದ ದೋಷವಿರುವುದು ಎರಡನೆಯ ಹೋಲಿಕೆಯಲ್ಲಿ. ನ್ಯಾಯಾಧೀಶನಿಗೆ ವಿನಾಯಿತಿ ಸಲ್ಲುವುದು ಅವನು ವ್ಯಾಜ್ಯದಲ್ಲಿ ಪಾಲಿಲ್ಲದವನು, ರಾಜಕೀಯ ಒತ್ತಡದಿಂದ ದೂರವಿರುವವನು, ಪೂರ್ವನಿದರ್ಶನಕ್ಕೆ ಕಟ್ಟುಬಿದ್ದವನು, ಮೇಲ್ಮನವಿಗೆ ಒಳಪಟ್ಟವನು ಎಂಬ ಕಾರಣಗಳಿಂದ. ಈ ಕಾರಣಗಳನ್ನು ಗಂಭೀರವಾಗಿ ತೆಗೆದುಕೊಂಡ ಸುಪ್ರೀಂ ಕೋರ್ಟ್, ಇಂಡಿಯಾನಾದ ಟೆರಿ ಹೋಟ್ ಫೆಡರಲ್ ಕಾರಾಗೃಹದ ಶಿಸ್ತು ಸಮಿತಿಯ ಸದಸ್ಯರು ವಾರ್ಡನ್ನನ ಕೈಕೆಳಗಿನ ನೌಕರರೇ ಆಗಿರುವುದರಿಂದ ಅವರಿಗೆ ಪೂರ್ಣ ವಿನಾಯಿತಿ ಸಲ್ಲದೆಂದು 1985ರಲ್ಲಿ ಹೇಳಿತ್ತು. ಪರವಾನಗಿ ಮಂಡಳಿಗೆ ಇದೇ ಒರೆಗಲ್ಲನ್ನು ಹಿಡಿದರೆ ಏನು ಕಾಣುತ್ತದೆ? ಅಲ್ಲಿ ಕುಳಿತವರು ಬಹುಪಾಲು ಅದೇ ವೃತ್ತಿಯಲ್ಲಿ ಸಂಪಾದಿಸುತ್ತಿರುವವರು; ಅವರೆದುರು ನಿಂತವನು ಹಲವು ಬಾರಿ ಅವರ ಪ್ರತಿಸ್ಪರ್ಧಿ. ಅಲಬಾಮಾದ ದೃಷ್ಟಿಪರೀಕ್ಷಕರ ಮಂಡಳಿಯಲ್ಲಿ ಸ್ವತಂತ್ರವಾಗಿ ವೃತ್ತಿ ನಡೆಸುವವರಿಗಷ್ಟೇ ಜಾಗವಿತ್ತು, ಮತ್ತು ಆ ಮಂಡಳಿ ಕಂಪನಿಯೊಂದರಲ್ಲಿ ಸಂಬಳಕ್ಕಿದ್ದ ದೃಷ್ಟಿಪರೀಕ್ಷಕರ ಪರವಾನಗಿ ರದ್ದು ಮಾಡಲು ಹೊರಟಿತ್ತು. ಅದು ಯಶಸ್ವಿಯಾಗಿದ್ದರೆ ರಾಜ್ಯದ ದೃಷ್ಟಿಪರೀಕ್ಷಕರಲ್ಲಿ ಸುಮಾರು ಅರ್ಧದಷ್ಟು ಮಂದಿ ವೃತ್ತಿಯಿಂದ ಹೊರಬೀಳುತ್ತಿದ್ದರು, ಅವರ ಗಿರಾಕಿಗಳು ಉಳಿದವರ ಪಾಲಾಗುತ್ತಿದ್ದರು. ಆರ್ಥಿಕ ಹಿತಾಸಕ್ತಿಯುಳ್ಳ ಇಂಥ ಮಂಡಳಿ ವಿಚಾರಣೆ ನಡೆಸಲು ಅನರ್ಹವೆಂಬ ತೀರ್ಮಾನವನ್ನು 1973ರ ಗಿಬ್ಸನ್ ವಿರುದ್ಧ ಬೆರಿಹಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಲ್ಯಾಕಿ ತೀರ್ಪಿಗೆ ಸರಿಯಾಗಿ ಹತ್ತು ವರ್ಷ ಮುಂಚೆ, ಅದೇ ಫೆಬ್ರವರಿ 25ರಂದು, 2015ರಲ್ಲಿ, ಉತ್ತರ ಕ್ಯಾರೊಲಿನಾದ ದಂತವೈದ್ಯ ಪರೀಕ್ಷಕರ ಮಂಡಳಿಯ ಪ್ರಕರಣದಲ್ಲಿ ಈ ತಿಳಿವಳಿಕೆ ಇನ್ನಷ್ಟು ಆಳಕ್ಕೆ ಇಳಿಯಿತು. ಎಂಟು ಸದಸ್ಯರ ಆ ಮಂಡಳಿಯಲ್ಲಿ ಆರು ಮಂದಿ ವೃತ್ತಿನಿರತ ದಂತವೈದ್ಯರು, ಅವರನ್ನು ಆರಿಸುತ್ತಿದ್ದವರೂ ದಂತವೈದ್ಯರೇ. ಮಾಲ್‌ಗಳಲ್ಲಿ, ಸಲೂನ್‌ಗಳಲ್ಲಿ ಕಡಿಮೆ ದರಕ್ಕೆ ಹಲ್ಲು ಬಿಳುಪು ಮಾಡಿಕೊಡುತ್ತಿದ್ದವರ ಬಗ್ಗೆ ದಂತವೈದ್ಯರು ದೂರತೊಡಗಿದ ಮೇಲೆ, ಮಂಡಳಿ 2006ರಿಂದ ಕನಿಷ್ಠ 47 ನಿಲುಗಡೆ ಪತ್ರಗಳನ್ನು ಕಳುಹಿಸಿತು. ಇದು ಸ್ಪರ್ಧೆಯನ್ನು ಹತ್ತಿಕ್ಕುವ ಕೃತ್ಯವೆಂದು ಫೆಡರಲ್ ವ್ಯಾಪಾರ ಆಯೋಗ ಕ್ರಮ ಕೈಗೊಂಡಾಗ, ತಾನು ರಾಜ್ಯದ ಅಂಗವಾದ್ದರಿಂದ ಸ್ಪರ್ಧಾ ಕಾನೂನು ತನಗೆ ಅನ್ವಯಿಸದೆಂದು ಮಂಡಳಿ ವಾದಿಸಿತು. ಅದೇ ಮಾರುಕಟ್ಟೆಯಲ್ಲಿ ದುಡಿಯುವವರ ಹಿಡಿತದಲ್ಲಿರುವ ಮಂಡಳಿಗೆ, ರಾಜ್ಯ ಅದರ ಮೇಲೆ ಸಕ್ರಿಯ ಮೇಲ್ವಿಚಾರಣೆ ಇಟ್ಟಿದ್ದರೆ ಮಾತ್ರ ಆ ವಿನಾಯಿತಿ ಸಿಗುತ್ತದೆಂದು ನ್ಯಾಯಮೂರ್ತಿ ಆಂಥನಿ ಕೆನಡಿ ಬರೆದ ಬಹುಮತದ ತೀರ್ಪು ಹೇಳಿತು. ರಾಜ್ಯವೆಂಬ ನಾಮಫಲಕದ ಹಿಂದೆ ಯಾರು ಕುಳಿತಿದ್ದಾರೆಂದು ನೋಡಬೇಕೆಂಬುದು ಈ ತೀರ್ಪಿನ ತಿರುಳು. ಹಲ್ಲು ಬಿಳುಪು ಮಾಡುವ ವ್ಯಾಪಾರಕ್ಕೆ ಧಕ್ಕೆಯಾದಾಗ ಕೇಳಬೇಕಾದ ಈ ಪ್ರಶ್ನೆಯನ್ನು, ಒಬ್ಬ ವ್ಯಕ್ತಿಯ ಸಮಾನತೆಗೆ, ವಾಕ್ ಸ್ವಾತಂತ್ರ್ಯಕ್ಕೆ, ನ್ಯಾಯವಾದ ವಿಚಾರಣೆಯ ಹಕ್ಕಿಗೆ ಧಕ್ಕೆಯಾದಾಗ ಕೇಳದಿರುವುದಕ್ಕೆ ಸರಿಯಾದ ಕಾರಣ ಯಾವುದೂ ಇಲ್ಲ. ಆದರೂ ಸ್ಪರ್ಧಾ ಕಾನೂನಿನ ಈ ಪಾಠ ನಾಗರಿಕ ಹಕ್ಕುಗಳ ದಾವೆಗಳತ್ತ ಇನ್ನೂ ಹರಿದುಬಂದಿಲ್ಲ.

ಪೂರ್ಣ ವಿನಾಯಿತಿ ತೀರ್ಪು ಕೊಡುವವರಿಗೆ ಮತ್ತು ಆರೋಪ ಮಂಡಿಸುವವರಿಗೆ. ಮಂಡಳಿಯ ತನಿಖಾಧಿಕಾರಿಗಳಿಗೆ ಸಿಗುವುದು ಅರ್ಹ ವಿನಾಯಿತಿ. ಅಧಿಕಾರಿ ಮಾಡಿದ್ದು ಹಕ್ಕುಚ್ಯುತಿಯೆಂಬುದು ಆ ಹೊತ್ತಿಗೆ ಸ್ಪಷ್ಟವಾಗಿ ಸ್ಥಾಪಿತವಾಗಿದ್ದರೆ ಮಾತ್ರ ಅವನು ಹೊಣೆ ಎಂಬುದು ಇದರ ಅರ್ಥ, ಮತ್ತು ಇದರ ಈಗಿನ ರೂಪ ಬಂದದ್ದು 1982ರ ಹಾರ್ಲೊ ತೀರ್ಪಿನಿಂದ. ಟೆಕ್ಸಸ್ ವೈದ್ಯಕೀಯ ಮಂಡಳಿಯ ತನಿಖಾಧಿಕಾರಿಗಳು 2013ರಲ್ಲಿ ವೈದ್ಯರೊಬ್ಬರ ಕಚೇರಿಗೆ ಬಂದು, ರೋಗಿಗಳ ದಾಖಲೆಗಳನ್ನು ತಕ್ಷಣವೇ ಒಪ್ಪಿಸುವಂತೆ ಮಂಡಳಿಯ ಸಮನ್ಸನ್ನು ಮುಂದಿಟ್ಟರು. ಆ ಸಮನ್ಸು ಸರಿಯೇ ಎಂದು ತಟಸ್ಥರೊಬ್ಬರ ಮುಂದೆ ಪ್ರಶ್ನಿಸಲು ಅವಕಾಶವೇ ಇರಲಿಲ್ಲ. ಇದು ಸಂವಿಧಾನದ ನಾಲ್ಕನೇ ತಿದ್ದುಪಡಿ ಕೊಟ್ಟ ರಕ್ಷಣೆಯ ಉಲ್ಲಂಘನೆಯೆಂದು ಐದನೇ ವಲಯದ ನ್ಯಾಯಾಲಯ 2019ರಲ್ಲಿ ಒಪ್ಪಿತು, ಆದರೆ ವೈದ್ಯಕೀಯ ವೃತ್ತಿಯ ಸಂದರ್ಭದಲ್ಲಿ ಆ ಹಕ್ಕು 2013ರ ಹೊತ್ತಿಗೆ ಸ್ಪಷ್ಟವಾಗಿ ಸ್ಥಾಪಿತವಾಗಿರಲಿಲ್ಲವೆಂದು ಹೇಳಿ ಅಧಿಕಾರಿಗಳನ್ನು ಬಿಟ್ಟಿತು. ಹಕ್ಕು ಇತ್ತು, ಅದರ ಉಲ್ಲಂಘನೆಯೂ ಆಯಿತು, ಪರಿಹಾರ ಮಾತ್ರ ಇಲ್ಲ ಎಂಬ ತೀರ್ಪು ಇದು. ಅದೇ ಪೀಠದಲ್ಲಿದ್ದ ನ್ಯಾಯಾಧೀಶ ಡಾನ್ ವಿಲೆಟ್ ಈ ಸಿದ್ಧಾಂತವನ್ನೇ ಕಟುವಾಗಿ ಟೀಕಿಸಿ ಪ್ರತ್ಯೇಕವಾಗಿ ಬರೆದರು.

ಈ ಎಲ್ಲ ರಕ್ಷಣೆಗಳ ಜೊತೆಗೆ ಕಾಲದ ತೊಡಕೂ ಸೇರಿಕೊಳ್ಳುತ್ತದೆ. ರಾಜ್ಯದಲ್ಲಿ ಶಿಸ್ತು ವಿಚಾರಣೆ ನಡೆಯುತ್ತಿರುವಾಗ ಫೆಡರಲ್ ನ್ಯಾಯಾಲಯ ಕೈಹಾಕಬಾರದೆಂಬ ಸಂಯಮದ ನಿಯಮ 1971ರ ಯಂಗರ್ ತೀರ್ಪಿನಿಂದ ಬಂದದ್ದು, ಮತ್ತು ಅದು ವಕೀಲರ ಶಿಸ್ತು ಪ್ರಕರಣಗಳಿಗೂ ಅನ್ವಯವಾಗುತ್ತದೆಂದು 1982ರಲ್ಲಿ ತೀರ್ಮಾನವಾಯಿತು. ಮಂಡಳಿಯ ವಿಚಾರಣೆ ಮುಗಿದು, ರಾಜ್ಯದ ನ್ಯಾಯಾಲಯದಲ್ಲಿ ಮೇಲ್ಮನವಿಯೂ ಮುಗಿದ ಮೇಲೆ ಫೆಡರಲ್ ನ್ಯಾಯಾಲಯಕ್ಕೆ ಹೋದರೆ, ವಿಷಯ ಅಲ್ಲೇ ಇತ್ಯರ್ಥವಾಗಿದೆ ಎಂಬ ಉತ್ತರ ಎದುರಾಗುತ್ತದೆ. ಮುಂಚೆ ಹೋದವನಿಗೆ ಬೇಗ ಬಂದೆ ಎಂದೂ, ನಂತರ ಹೋದವನಿಗೆ ತಡವಾಯಿತು ಎಂದೂ ಹೇಳುವ ವ್ಯವಸ್ಥೆಯಲ್ಲಿ ಸರಿಯಾದ ಹೊತ್ತನ್ನು ಹುಡುಕುವುದೇ ವಕೀಲರ ದೊಡ್ಡ ಕೆಲಸ.

ವಲಸೆ ಹೋದ ವೃತ್ತಿಪರರಿಗೆ, ಅವರಲ್ಲಿ ಕರ್ನಾಟಕದ ಕಾಲೇಜುಗಳಲ್ಲಿ ಓದಿ ಅಲ್ಲಿಗೆ ಹೋದ ವೈದ್ಯರಿಗೂ, ಈ ವಿಚಾರ ಕೇವಲ ಸಿದ್ಧಾಂತವಲ್ಲ. ಎಚ್-1ಬಿ ವೀಸಾದಲ್ಲಿರುವ ವೈದ್ಯರ ಪರವಾನಗಿ ಅಮಾನತಾದರೆ ಉದ್ಯೋಗ ಹೋಗುತ್ತದೆ, ಉದ್ಯೋಗ ಹೋದ ಮೇಲೆ ಹೊಸದನ್ನು ಹುಡುಕಿಕೊಳ್ಳಲು ಅಥವಾ ದೇಶ ಬಿಡಲು ಸಾಮಾನ್ಯವಾಗಿ ಸಿಗುವುದು ಹೆಚ್ಚೆಂದರೆ 60 ದಿನ. ಮಂಡಳಿಯ ಶಿಸ್ತುಕ್ರಮ ರಾಷ್ಟ್ರಮಟ್ಟದ ವೈದ್ಯರ ದತ್ತಾಂಶ ಕೋಶದಲ್ಲಿ ದಾಖಲಾಗುವುದರಿಂದ ಬೇರೆ ರಾಜ್ಯದ ಮಂಡಳಿಗಳೂ ಆಸ್ಪತ್ರೆಗಳೂ ಅದನ್ನು ನೋಡುತ್ತವೆ. ಎರಡು ವರ್ಷದ ನಂತರ ಆದೇಶ ರದ್ದಾದರೆ ಪರವಾನಗಿ ಮರಳಿ ಬರಬಹುದು. ಕಳೆದ ಸಂಬಳ, ಮುರಿದ ವೀಸಾ, ಚದುರಿದ ರೋಗಿಗಳು, ಮಕ್ಕಳ ಬದಲಾದ ಶಾಲೆ ಮರಳಿ ಬರುವುದಿಲ್ಲ. ಮುಂದಿನದಕ್ಕೆ ತಡೆ, ಹಿಂದಿನದಕ್ಕೆ ಏನೂ ಇಲ್ಲ ಎಂಬ ನಿಯಮದ ಭಾರ ಅತ್ಯಂತ ಹೆಚ್ಚಾಗಿ ಬೀಳುವುದು ಹೀಗೆ ಕಾಲಮಿತಿಯಲ್ಲಿ ಬದುಕುವವರ ಮೇಲೆ. ತಡೆಯಾಜ್ಞೆಯ ದಾರಿಯೇ ವಲಸಿಗರಿಗೆ ದೊಡ್ಡ ಗೆಲುವು ತಂದುಕೊಟ್ಟಿರುವುದೂ ನಿಜ: ಅಮೆರಿಕದ ಪೌರರಷ್ಟೇ ಸಿವಿಲ್ ಎಂಜಿನಿಯರುಗಳಾಗಿ ಖಾಸಗಿ ವೃತ್ತಿ ನಡೆಸಬಹುದೆಂಬ ಪೋರ್ಟೊರಿಕೊದ ನಿಯಮವನ್ನು 1976ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು 1983ನೇ ಕಲಮಿನಡಿ ಹೂಡಿದ ದಾವೆಗಳಲ್ಲೇ. ಅದರ ಫಲವನ್ನು ಇಂದಿನ ವಲಸಿಗರು ಉಣ್ಣುತ್ತಿದ್ದಾರೆ, ಮತ್ತು ಆ ದಾರಿಯನ್ನು ಹಗುರಾಗಿ ಕಾಣುವುದು ಸಲ್ಲದು. ಅದು ಸಾಲದು ಎಂಬುದಷ್ಟೇ ಇಲ್ಲಿನ ವಾದ.

ಭಾರತದ ಓದುಗರಿಗೆ ಇಲ್ಲೊಂದು ವ್ಯತ್ಯಾಸ ಥಟ್ಟನೆ ಕಾಣುತ್ತದೆ. ಕರ್ನಾಟಕ ವೈದ್ಯಕೀಯ ಪರಿಷತ್ತಿನಂಥ ಶಾಸನಬದ್ಧ ಸಂಸ್ಥೆಯ ಆದೇಶದ ವಿರುದ್ಧ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಸಲ್ಲಿಸುವಾಗ, ಆ ಸಂಸ್ಥೆ ವ್ಯಕ್ತಿಯೇ ಅಲ್ಲವೇ ಎಂಬ ಪ್ರಶ್ನೆ ಏಳುವುದಿಲ್ಲ. ಮೂಲಭೂತ ಹಕ್ಕಿನ ಉಲ್ಲಂಘನೆಗೆ ರಿಟ್ ಅಧಿಕಾರದಲ್ಲೇ ಪರಿಹಾರದ ಹಣವನ್ನೂ ಕೊಡಿಸಬಹುದು, ಅಂಥ ಅರ್ಜಿಗೆ, ರಾಜ್ಯದ ಮೇಲೆ ದಾವೆ ಹೂಡುವಂತಿಲ್ಲವೆಂಬ ಸಾರ್ವಭೌಮ ವಿನಾಯಿತಿ ಅಡ್ಡಬರುವುದಿಲ್ಲ ಎಂದು 1993ರ ನೀಲಬತಿ ಬೆಹೆರಾ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಪೊಲೀಸ್ ವಶದಲ್ಲಿ ಮಗನನ್ನು ಕಳೆದುಕೊಂಡ ತಾಯಿಗೆ 1,50,000 ರೂಪಾಯಿ ಕೊಡಿಸಿದ ಆ ತತ್ವ ಇಲ್ಲಿಯೂ ಹೆಚ್ಚಾಗಿ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಘೋರ ಉಲ್ಲಂಘನೆಗಳಿಗೇ ಬಳಕೆಯಾಗಿದೆ. ಆದರೂ ತತ್ವದ ಮಟ್ಟದಲ್ಲಿ, ಆಗಿಹೋದ ಹಕ್ಕುಚ್ಯುತಿಗೆ ರಾಜ್ಯವೇ ಹಣ ತೆರಬೇಕೆಂಬ ಮಾತನ್ನು ಭಾರತದ ನ್ಯಾಯಾಲಯ ಹೇಳಿದೆ, ಅಮೆರಿಕದ ನ್ಯಾಯಾಲಯ ಹೇಳಲು ಒಪ್ಪಿಲ್ಲ.

ವಿನಾಯಿತಿಯ ಪರವಾದ ವಾದವನ್ನು ಅದರ ಅತ್ಯುತ್ತಮ ರೂಪದಲ್ಲಿ ಎದುರಿಸುವುದು ಅಗತ್ಯ. ಮಂಡಳಿಯ ಸದಸ್ಯತ್ವ ಪೂರ್ಣಾವಧಿ ನೌಕರಿಯಲ್ಲ. ಅಲ್ಪ ಗೌರವಧನಕ್ಕೆ, ತಮ್ಮ ಕೆಲಸದ ನಡುವೆ ಬಿಡುವು ಮಾಡಿಕೊಂಡು ಬರುವ ವೈದ್ಯರು, ದಾದಿಯರು ಅಲ್ಲಿ ಕುಳಿತಿರುತ್ತಾರೆ. ರೋಗಿಗಳ ಸಾವಿಗೆ ಕಾರಣನಾದ ವೈದ್ಯನ ಪರವಾನಗಿಯನ್ನು ಇಂದೇ ತಡೆಹಿಡಿಯಬೇಕಾದಾಗ, ನಾಳೆ ತಮ್ಮ ಮನೆಯೇ ಜಪ್ತಿಯಾದೀತೆಂಬ ಭಯ ಅವರಿಗಿದ್ದರೆ ಕೈ ಹಿಂಜರಿಯುತ್ತದೆ, ಆ ಹಿಂಜರಿಕೆಯ ಬೆಲೆಯನ್ನು ತೆರುವವರು ರೋಗಿಗಳು. ಈ ವಾದದಲ್ಲಿ ಸತ್ಯವಿದೆ, ಆದರೆ ಅದು ಸಾಧಿಸಿ ತೋರಿಸುವುದು ಸದಸ್ಯನನ್ನು ವೈಯಕ್ತಿಕವಾಗಿ ರಕ್ಷಿಸಬೇಕೆಂಬುದನ್ನು ಮಾತ್ರ. ಅವನ ಮೂಲಕ ಅಧಿಕಾರ ನಡೆಸುವ ರಾಜ್ಯವನ್ನೂ ರಕ್ಷಿಸಬೇಕೆಂದು ಅದು ತೋರಿಸುವುದಿಲ್ಲ. ಸದಸ್ಯ ನಿರ್ಭಯನಾಗಿರಲಿ, ನಷ್ಟವನ್ನು ರಾಜ್ಯ ಹೊರಲಿ ಎಂಬ ಏರ್ಪಾಡಿನಲ್ಲಿ ವಿರೋಧಾಭಾಸವೇನೂ ಇಲ್ಲ. ಶುಲ್ಕದಿಂದ ನಡೆಯುವ ಮಂಡಳಿಯಾದರೆ ಅದೇ ಶುಲ್ಕದ ಒಂದು ಅಂಶದಿಂದ ವಿಮೆ ಮಾಡಿಸುವುದೂ ಅಸಾಧ್ಯವಲ್ಲ. ತಪ್ಪಿಗೆ ಬೆಲೆಯಿದೆ ಎಂದಾದಾಗ ಮಂಡಳಿಗಳಿಗೆ ತರಬೇತಿ, ಸ್ವತಂತ್ರ ವಿಚಾರಣಾಧಿಕಾರಿ, ಸಾರ್ವಜನಿಕ ಸದಸ್ಯರ ಸಂಖ್ಯೆ ಇವುಗಳ ಬಗ್ಗೆ ಶಾಸಕಾಂಗಕ್ಕೂ ಆಸಕ್ತಿ ಹುಟ್ಟುತ್ತದೆ.

ಹೀಗೆ ಮಾಡಲು ಸುಪ್ರೀಂ ಕೋರ್ಟ್ ತನ್ನ ಹಳೆಯ ತೀರ್ಪುಗಳನ್ನು ಬದಲಿಸುವವರೆಗೆ ಕಾಯಬೇಕಾಗಿಲ್ಲ, ಏಕೆಂದರೆ ತನ್ನ ವಿನಾಯಿತಿಯನ್ನು ಬಿಟ್ಟುಕೊಡುವ ಅಧಿಕಾರ ಪ್ರತಿ ರಾಜ್ಯಕ್ಕೂ ಇದೆ. ನ್ಯೂ ಮೆಕ್ಸಿಕೊ ರಾಜ್ಯ 2021ರ ಜುಲೈ 1ರಿಂದ ಜಾರಿಗೆ ತಂದ ನಾಗರಿಕ ಹಕ್ಕುಗಳ ಕಾಯ್ದೆ ಈ ದಿಕ್ಕಿನಲ್ಲಿ ಬಹುದೂರ ಹೋಗಿದೆ: ರಾಜ್ಯದ ಸಂವಿಧಾನ ಕೊಟ್ಟ ಹಕ್ಕುಗಳ ಉಲ್ಲಂಘನೆಗಾಗಿ ರಾಜ್ಯದ ನ್ಯಾಯಾಲಯದಲ್ಲೇ ಸಾರ್ವಜನಿಕ ಸಂಸ್ಥೆಯ ಮೇಲೆ ದಾವೆ ಹೂಡಬಹುದು, ಸಾರ್ವಭೌಮ ವಿನಾಯಿತಿಯಾಗಲಿ ಅರ್ಹ ವಿನಾಯಿತಿಯಾಗಲಿ ಅಲ್ಲಿ ಅಡ್ಡಬರುವಂತಿಲ್ಲ, ಪರಿಹಾರಕ್ಕೆ 2021ರಲ್ಲಿ 20 ಲಕ್ಷ ಡಾಲರುಗಳ ಮಿತಿ ಹಾಕಲಾಯಿತು, ಮತ್ತು ಹಣ ತೆರುವುದು ಸಂಸ್ಥೆಯೇ ಹೊರತು ನೌಕರನಲ್ಲ. ಸಾರ್ವಜನಿಕ ಸಂಸ್ಥೆ ಎಂಬುದರ ವ್ಯಾಖ್ಯೆಯಲ್ಲಿ ರಾಜ್ಯದ ಆಯೋಗಗಳೂ ಇಲಾಖೆಗಳೂ ಶಾಸನದಿಂದ ಹುಟ್ಟಿದ ಸಂಸ್ಥೆಗಳೂ ಬರುತ್ತವೆ. ನ್ಯಾಯಿಕ ವಿನಾಯಿತಿಯನ್ನು ಆ ಕಾಯ್ದೆ ಹಾಗೆಯೇ ಉಳಿಸಿಕೊಂಡಿರುವುದರಿಂದ, ಪರವಾನಗಿ ರದ್ದು ಮಾಡುವ ಮಂಡಳಿಯನ್ನು ಅಲ್ಲಿಯೂ ನ್ಯಾಯಾಧೀಶನೆಂದೇ ಎಣಿಸಬೇಕೇ ಎಂಬ ವಾದಕ್ಕೆ ಎಡೆ ಉಳಿದಿದೆ. ಉಳಿದ ರಾಜ್ಯಗಳು ಇಂಥ ಕಾಯ್ದೆಯನ್ನು ಬರೆಯುವಾಗ ಆ ಒಂದು ಅಂಶವನ್ನು ಅಸ್ಪಷ್ಟವಾಗಿ ಬಿಡದೆ, ವೃತ್ತಿಯಲ್ಲಿ ಸ್ವತಃ ಪಾಲುಳ್ಳವರು ಕುಳಿತ ಮಂಡಳಿಗೆ ನ್ಯಾಯಿಕ ವಿನಾಯಿತಿ ಸಲ್ಲುವುದಿಲ್ಲವೆಂದು ಶಾಸನದ ಅಕ್ಷರದಲ್ಲೇ ಬರೆಯಬೇಕು.